ತಾಯಿಪಾಲು

"ಹಲ್ಲು ತೆಗಿ."

ನೆಟ್ಟಾ ಕೇಳಿಸದವಳ ಹಾಗೆ ನಿಂತಳು.

"ಏಯ್ ಮುದಿ ಗೊಡ್ಡು, ನಿಂಗೇ ಹೇಳಿದ್ದು. ಹಲ್ಲು ತೆಗ್ದು ಇಲ್ಲಿಡು."

ಪಿರೀ ಔಷಧಿ ಕಿಂಡಿಯ ಪಕ್ಕದ ಕಟ್ಟೆಯನ್ನು ಬೆರಳಿಂದ ಕುಟ್ಟಿ ತೋರಿಸಿದ. ಬೆಳಗಿನ ಗುಳಿಗೆಗೆ ನಾವೆಲ್ಲ ಸಾಲು ನಿಂತಿದ್ದೆವು. ನಾನು ನೆಟ್ಟಾಳ ಬೆನ್ನಿಗೇ ಇದ್ದೆ. ಕಿಂಡಿಯೊಳಗಿಂದ ನರ್ಸಮ್ಮ ಗುಳಿಗೆ ಕೊಡುತ್ತಾಳೆ. ಅವಳೆದುರೇ ನುಂಗಿ ನೀರು ಕುಡಿಯಬೇಕು. ಆಮೇಲೆ ವಾರ್ಡರ್ ಪಿರೀಯ ಮುಂದೆ ನಿಂತು ಬಾಯಿ ಅಗಲಿಸಿ, ನಾಲಗೆ ಎತ್ತಿ, ಕೆನ್ನೆ ಎಳೆದು ತೋರಿಸಿ, ಕೊನೆಗೆ ಒಂದು ಮಾತಾಡಬೇಕು. ಮಾತು ಸಲೀಸಾಗಿ ಬಂದರೆ ಬಾಯಲ್ಲಿ ಏನೂ ಉಳಿದಿಲ್ಲ ಅಂತ. ಯಾವ ಮಾತು ಅನ್ನುವುದನ್ನೂ ಅವನೇ ಕಲಿಸಿದ್ದ: "ಥ್ಯಾಂಕ್ಯೂ ಪಿರೀ ಸಾರ್." ನನ್ನ ಸರದಿ ಬಂದರೆ, "ಇನ್ನೂ ಅಗಲ ತೆಗಿಯೇ ಸೆಂಗಾ, ಡಂಡೀ ಊರಿಗೆಲ್ಲ ತೆಗ್ದೋಳಿಗೆ ನನ್ ಮುಂದೆ ಎಂಥ ನಾಚ್ಕೆ" ಅನ್ನುತ್ತಿದ್ದ. ಸಾಲಲ್ಲಿದ್ದವರು ನಗುತ್ತಿದ್ದರು, ನಾನೂ ನಗುತ್ತಿದ್ದೆ. ನಕ್ಕರೆ ಬೇಗ ಬಿಡುತ್ತಿದ್ದ.

ಆದರೆ ನೆಟ್ಟಾಳ ಬಾಯಿ ನೋಡಲು ಅವನಿಗೆ ಯಾವತ್ತೂ ಅಸಹ್ಯ. ಅವಳದು ಮೇಲಿನ ದವಡೆಯೂ ಕೆಳಗಿನ ದವಡೆಯೂ ಕಟ್ಟಿಸಿದ ಹಲ್ಲು. ಮದುವೆಗೆ ಅಪ್ಪ ಕೊಟ್ಟ ಉಡುಗೊರೆ. ಅವಳ ಕಾಲಕ್ಕೆ ನಮ್ಮ ಕಡೆ ಹಾಗಿತ್ತು. ಮುಂದೆ ಗಂಡನಿಗೆ ಹಲ್ಲಿನ ಖರ್ಚು ಬೀಳದಿರಲಿ ಅಂತ, ಮದುವೆಗೆ ಮುಂಚೆ ಹುಡುಗಿಯ ಇದ್ದಬದ್ದ ಹಲ್ಲನ್ನೆಲ್ಲ ಕೀಳಿಸಿ ಸೆಟ್ಟು ಕಟ್ಟಿಸುತ್ತಿದ್ದರು. ಗಂಡ ಹೋಗಿ ಎಷ್ಟೋ ವರ್ಷವಾಗಿತ್ತು, ಹಲ್ಲು ಉಳಿದಿತ್ತು.

"ತೆಗೀತೀಯೋ, ನಾನೇ ಕೈ ಹಾಕ್ಲೋ?"

ನೆಟ್ಟಾ ಹಲ್ಲು ತೆಗೆದು ಕಟ್ಟೆಯ ಮೇಲಿಟ್ಟಳು. ಅವಳ ಮುಖ ಒಳಕ್ಕೆ ಕುಸಿಯಿತು. ಸಾಲಲ್ಲಿ ಯಾರೂ ನಗಲಿಲ್ಲ. ಪಿರೀ ಪೆನ್ನಿನಿಂದ ಸೆಟ್ಟನ್ನು ಮಗುಚಿದ. ಅಂಗುಳಕ್ಕೆ ಕೂರುವ ಜಾಗದಲ್ಲಿ ಬಿಳೀ ಗುಳಿಗೆ ಅಂಟಿಕೊಂಡಿತ್ತು.

"ಓಹೋ! ಅಜ್ಜಿ ಬಾಯೊಳಗೇ ಅಂಗಡಿ ಇಟ್ಟವ್ಳೆ! ಯಾರಿಗೇ ಮಾರ್ತಿದ್ದೆ?"

"ನಂಗೇ ಅಂತ ಇಟ್ಕೊಂಡೆ. ರಾತ್ರಿ ನಿದ್ದೆ ಬರಲ್ಲ." ಹಲ್ಲಿಲ್ಲದ ಬಾಯಲ್ಲಿ ಮಾತು ತೊದಲಿತು.

"ಬೊಗಳ್ಬೇಡ, ಲೌಡಿ." ಅವನು ಹಲ್ಲನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿದ. "ಇದು ಸಾಕ್ಷಿ. ನನ್ ಹತ್ರ ಇರುತ್ತೆ."

"ಊಟ ಹೆಂಗ್ ಮಾಡ್ಲಿ ಸಾರ್?"

"ಬೆಳಿಗ್ಗೆ ಗಂಜಿ ಕೊಡ್ತಾರಲ್ಲ? ಮಧ್ಯಾಹ್ನಕ್ಕೂ ಅದ್ನೇ ಮಡಿಕ್ಕೊಂಡು ನೆಕ್ಕು."

ನನ್ನ ಸರದಿ ಬಂತು. ಹಿಂದಿನ ಹಲ್ಲೊಂದು ಬಿದ್ದ ಸಂದಿಯಲ್ಲಿ ನನ್ನ ಗುಳಿಗೆಯೂ ಕೂತಿತ್ತು. ಅವನ ಕಣ್ಣೆಲ್ಲ ಆ ಚೀಲದ ಮೇಲೆ. "ಥ್ಯಾಂಕ್ಯೂ ಪಿರೀ ಸಾರ್" ಅಂದು ದಾಟಿಬಿಟ್ಟೆ. ಹಾಗೆ ದಾಟಿದ ಕೊನೆಯ ಗುಳಿಗೆ ಅದು. ಮಧ್ಯಾಹ್ನದ ಹೊತ್ತಿಗೆ ಹೊಸ ಕಾಯ್ದೆ ಬಂತು. ನಾಳೆಯಿಂದ ಎಲ್ಲರ ಗುಳಿಗೆಯನ್ನೂ ಕುಟ್ಟಿ ಪುಡಿಮಾಡಿ ನೀರಲ್ಲಿ ಕಲಸಿ ಕುಡಿಸುತ್ತಾರೆ. ಎಲ್ಲ ನಮ್ಮ ಒಳ್ಳೆಯದಕ್ಕೇ ಅಂತೆ.

ಆ ಎರಡು ಗುಳಿಗೆಯಲ್ಲಿ ಒಂದೂ ಮಾರಲಿಕ್ಕಲ್ಲ. ಎರಡೂ ಮಾರ್ವೆನ್‌ದು.

ಮಾರ್ವೆನ್ ನನ್ನ ಸೆಲ್ಲಿಗೆ ಬಂದ ಹುಡುಗಿ. ಅಂಗಡಿಯಲ್ಲಿ ಮಗುವಿನ ತಳ್ಳುಗಾಡಿಯ ಕೆಳಗೆ ಚೀಸು, ಮಾಂಸದ ಪೊಟ್ಟಣ ಅಡಗಿಸಿ ತಂದು ಪಬ್ಬಿನ ಬಾಗಿಲಲ್ಲಿ ಅರ್ಧ ರೇಟಿಗೆ ಮಾರುತ್ತಿದ್ದಳು. ಮೂರನೇ ಸಲ ಸಿಕ್ಕಿಬಿದ್ದಾಗ ಒಳಗೆ ಹಾಕಿದರು. ಹೊರಗಿದ್ದಾಗ ರಾತ್ರಿಪಾಳಿಯಲ್ಲಿ ಮುದುಕರ ಆಶ್ರಮದಲ್ಲಿ ಹೇಲು ಬಾಚುವ ಕೆಲಸ. ಹಗಲು ಮಗು. ನಡುವೆ ಕಣ್ಣು ಮುಚ್ಚಬೇಕಲ್ಲ? ಅದಕ್ಕೆ ನೀಲಿ ಗುಳಿಗೆ. ನಮ್ಮ ಬೀದಿಗಳಲ್ಲಿ ಅದು ಹಾಲಿಗಿಂತ ಅಗ್ಗ. ಮೊದಲು ಒಂದು, ಆಮೇಲೆ ಮುಷ್ಟಿ. ತಕ್ಷಣ ನಿಲ್ಲಿಸಿದರೆ ಮೈ ಸೆಟೆದುಕೊಳ್ಳುತ್ತದೆ, ಫಿಟ್ಸು ಬರುತ್ತದೆ. ಇದು ನಮ್ಮಲ್ಲಿ ಎಲ್ಲರಿಗೂ ಗೊತ್ತು.

ಕೋರ್ಟಿನಿಂದ ನಮ್ಮನ್ನು ತರುವ ವ್ಯಾನಿನೊಳಗೆ ಒಬ್ಬೊಬ್ಬರಿಗೂ ಬೀರುವಿನಷ್ಟೇ ಅಗಲದ ಗೂಡು. ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ. ಹಳಬರು ಗೋಡೆ ಗುದ್ದಿ ಹೊಸಬರಿಗೆ ಪಾಠ ಹೇಳುವುದು ಅಲ್ಲೇ. ಆವತ್ತು ನೆಟ್ಟಾಳೂ ವಾಯಿದೆಗೆ ಹೋಗಿ ಅದೇ ವ್ಯಾನಿನಲ್ಲಿ ವಾಪಸು ಬರುತ್ತಿದ್ದಳು. ಪಕ್ಕದ ಗೂಡಿನಿಂದ ಅಳು ಕೇಳಿ ಗೋಡೆ ಗುದ್ದಿದಳಂತೆ.

"ಅಳ್ತಿರೋಳು ಯಾರೇ ಅದು? ಮಕ್ಕಳವ್ರಾ?"

"ಒಬ್ಳು. ಎಫೀ ಅಂತ. ಎರಡು ವರ್ಷ. ನಮ್ಮಮ್ಮನ ಹತ್ರ ಬಿಟ್ಟಿದೀನಿ."

"ಹಂಗಾದ್ರೆ ಮೂಗು ಒರ್ಸ್ಕೊಂಡು ಕೇಳು. ಒಳಗ್ ಹೋಗ್ತಿದ್ದಂಗೆ ನರ್ಸು ಕೇಳ್ತಾಳೆ, ಏನೇನ್ ತಗೋತೀಯ ಅಂತ. ಇಲ್ಲ ಅನ್ನು. ಅವ್ಳು ಬೆಲ್ಲದಂಗೆ ಮಾತಾಡ್ತಾಳೆ, ಆದ್ರೂ ಇಲ್ಲ ಅನ್ನು. ಮಿಕ್ಕಿದ್ ನಾವ್ ನೋಡ್ಕೋತೀವಿ."

ಜೈಲಿನ ಬಾಗಿಲ ಕೋಣೆಯಲ್ಲಿ ಹೊಸಬರಿಗೆ ಚಹಾ, ಬ್ರೆಡ್ಡು ಕೊಡುವ ಕೆಲಸ ನನ್ನದು. ತಪಾಸಣೆಯ ಬಾಗಿಲು ಯಾವತ್ತೂ ಅರ್ಧ ತೆರೆದೇ ಇರುತ್ತದೆ, ಕದ್ದು ಕೇಳಬೇಕಾಗಿಯೇ ಇಲ್ಲ. ನರ್ಸಮ್ಮ ಲಾಮಂಟ್ ಒಂದು ಕೈಯಲ್ಲಿ ಸ್ಯಾಂಡ್‌ವಿಚ್ ಹಿಡಿದು ಕೇಳುತ್ತಿದ್ದಳು. ಕೆಟ್ಟವಳಲ್ಲ. ಅವಳಿಗೂ ಹಸಿವು, ಹೊರಗೆ ಇನ್ನೂ ಒಂದು ಬೆಂಚಿನಷ್ಟು ಹೆಂಗಸರು.

"ಕುಡೀತೀಯಾ?"

"ಇಲ್ಲ ಮಿಸ್."

"ಪುಡಿ? ಸೂಜಿ?"

"ಇಲ್ಲ ಮಿಸ್."

"ಗುಳಿಗೆ ಗಿಳಿಗೆ?"

"ಇಲ್ಲ ಮಿಸ್."

"ಇವತ್ತೇನು ದೇವತೆಗಳ ವ್ಯಾನೇ ಬಂದಂಗಿದೆ" ಅಂದ ಬಾಗಿಲಲ್ಲಿದ್ದ ಪಿರೀ.

ನಾನು ಚಹಾ ಕೊಟ್ಟೆ. ಹುಡುಗಿಯ ಕೈ ನಡುಗಿ ಅರ್ಧ ಚಹಾ ಮೇಜಿನ ಮೇಲೆ ಚೆಲ್ಲಿತು. ಲಾಮಂಟ್ ಆ ಕೈಯನ್ನೇ ನೋಡಿದಳು.

"ಚಳಿನಾ?"

"ಹೂಂ ಮಿಸ್."

ಕೋಣೆಯಲ್ಲಿ ಹೀಟರು ಧಗಧಗ ಉರಿಯುತ್ತಿತ್ತು. ಲಾಮಂಟ್ ಮೇಜು ಒರೆಸಿ ಮುಂದಿನವಳನ್ನು ಕರೆದಳು.

ಆ ಮೇಜಿನ ಮುಂದೆ ಆಡಿದ ಮಾತು ಅಲ್ಲೇ ಇರುತ್ತದೆ ಅಂತ ಅವರು ಹೇಳುತ್ತಾರೆ. ಇರುವುದಿಲ್ಲ. ಅದು ನೇರವಾಗಿ ಮಕ್ಕಳ ಪಂಚಾಯಿತಿಗೆ ಹೋಗುತ್ತದೆ. ಪಂಚಾಯಿತಿಯಲ್ಲಿ ಮೂರು ಜನ ಕೂರುತ್ತಾರೆ, ಮಗು ಎಲ್ಲಿರಬೇಕು ಅಂತ ತೀರ್ಮಾನಿಸಲು. ಒಳ್ಳೆಯ ಜನ. ಮೇಜಿನ ಮೇಲೆ ಬಿಸ್ಕತ್ತು ಇಟ್ಟಿರುತ್ತಾರೆ. ನನ್ನ ಮೊದಲ ಸಲ ನಾನು ನಿಜ ಹೇಳಿದ್ದೆ. ಹೌದು ಮಿಸ್, ಸೂಜಿ ಹಾಕ್ಕೋತೀನಿ, ಬಿಡಿಸಿ ಮಿಸ್ ಅಂದಿದ್ದೆ. ಆಗ ನನ್ನ ಮಗಳು ಶೋನಾಗೆ ನಾಲ್ಕು ವರ್ಷ. ಪಂಚಾಯಿತಿಯವರು ನನ್ನ ಕೈಗೆ ಬಿಸ್ಕತ್ತು ಕೊಟ್ಟು, ಉತ್ತರದ ಕಡೆ ಒಳ್ಳೇ ಮನೆತನ ಸಿಕ್ಕಿದೆ, ಅವರ ಮನೆಯಲ್ಲಿ ಪುಟ್ಟ ಕುದುರೆ ಇದೆ, ನಿಮ್ಮ ಮಗಳಿಗೆ ಕುದುರೆ ಇಷ್ಟ ಅಲ್ವಾ ಅಂದರು. ಇಷ್ಟ ಅಂದೆ. ಮತ್ತೆ ನಾನು ಅವಳನ್ನು ನೋಡಲಿಲ್ಲ. ಈಗ ಎದುರಿಗೆ ಬಂದರೆ ಗುರುತು ಹಿಡಿಯುತ್ತೇನೋ ಇಲ್ಲವೋ ಅದೂ ಗೊತ್ತಿಲ್ಲ.

ಅದಕ್ಕೇ ತಾಯಿಪಾಲು. ಇದು ನಾನು ಮಾಡಿದ್ದಲ್ಲ, ನೆಟ್ಟಾ ಮಾಡಿದ್ದೂ ಅಲ್ಲ, ಅವಳಿಗಿಂತ ಹಿಂದಿನವರದು. ಕಳೆದುಕೊಳ್ಳಲು ಮಕ್ಕಳಿಲ್ಲದವರು ಹೌದು ಅನ್ನಬೇಕು, ಮಕ್ಕಳಿದ್ದವರು ಇಲ್ಲ ಅನ್ನಬೇಕು. ಹೌದು ಅಂದವರಿಗೆ ಸಿಕ್ಕಿದ್ದು ಇಲ್ಲ ಅಂದವರಿಗೆ ಬಾಯಿಂದ ಬಾಯಿಗೆ ಹೋಗಬೇಕು, ದಿನದಿನಕ್ಕೆ ಕಡಿಮೆಯಾಗುತ್ತಾ, ಮೈ ತಾನಾಗಿ ಬಿಡುವವರೆಗೆ. ಅದಕ್ಕೆ ಒಂದು ಪೆನ್ನಿ ಕಾಸು ಕೇಳಿದವಳನ್ನೂ ಈ ಸೆಲ್ಲು ಸಾಲಿನಲ್ಲಿ ಯಾರೂ ಮತ್ತೆ ಮಾತಾಡಿಸುವುದಿಲ್ಲ. ನನಗೆ ಗಂಡ ತಲೆ ಒಡೆದಾಗಿನಿಂದ ಫಿಟ್ಸು, ಅದಕ್ಕೆ ಗುಳಿಗೆ. ನೆಟ್ಟಾಳಿಗೆ ಕುಡಿತ ಬಿಡಿಸಲು ಕೊಡುವ ಗುಳಿಗೆ. ಎರಡೂ ಆ ನೀಲಿ ಗುಳಿಗೆಯ ಜಾತಿಯವೇ. ಇಬ್ಬರೂ ಬಾಯಲ್ಲಿ ತರುತ್ತಿದ್ದೆವು.

ಮೊದಲ ದಿನ ನೆಟ್ಟಾ ಸೆಲ್ಲಿಗೆ ಬಂದು ಹಲ್ಲು ಕಳಚಿ, ಒದ್ದೆ ಗುಳಿಗೆಯನ್ನು ಅಂಗೈಮೇಲಿಟ್ಟು ನೀಡಿದಾಗ ಮಾರ್ವೆನ್ ಮುಖ ಸಿಂಡರಿಸಿದಳು.

"ಅಯ್ಯೋ, ಎಂಜ್ಲು!"

"ಹೂಂ ಕಣೇ ಮಹಾರಾಣಿ, ಎಂಜ್ಲು. ಬೆಳ್ಳಿ ತಟ್ಟೇಲಿ ಬೇಕಿತ್ತಾ? ನಿನ್ ಮಗಳಿಗೆ ನೀನು ಬ್ರೆಡ್ಡು ಅಗ್ದು ಬಾಯಿಗಿಟ್ಟಿಲ್ವಾ? ನುಂಗು ಸುಮ್ನೆ."

ಹುಡುಗಿ ನುಂಗಿದಳು. ಆಮೇಲೆ ನಗು ಬಂತು ಅವಳಿಗೆ. "ಅಜ್ಜೀ, ನಿನ್ನ ಗುಳಿಗೆ ಈರುಳ್ಳಿ ವಾಸ್ನೆ ಹೊಡೀತದೆ" ಅಂದಳು. ನೆಟ್ಟಾ ಬೋಳು ಬಾಯಲ್ಲೇ ಕಿಸಕ್ಕನೆ ನಕ್ಕಳು. ಅವತ್ತಿಂದ ಮಾರ್ವೆನ್ ಅವಳನ್ನು ಅಜ್ಜಿ ಅಂತಲೇ ಕರೆದಳು. ಕೈನಡುಕ ನಿಂತಿತು. ರಾತ್ರಿ ದೀಪ ಆರಿದ ಮೇಲೆ ಎಫೀಯ ಸುದ್ದಿ ಹೇಳುತ್ತಿದ್ದಳು. ಎಫೀ ಬಸ್ಸಿಗೆಲ್ಲ ಟಾಟಾ ಮಾಡುತ್ತಾಳೆ, ಎಫೀ ನಾಯಿಯ ತಟ್ಟೆಯಿಂದ ತಿನ್ನುತ್ತಾಳೆ, ಎಫೀಗೆ ಅಮ್ಮನ ಕಿವಿ ಹಿಡಿಯದೆ ನಿದ್ದೆ ಬರುವುದಿಲ್ಲ. ನಾನು ಮೇಲಿನ ಹಾಸಿಗೆಯಲ್ಲಿ ಗೋಡೆ ಕಡೆ ತಿರುಗಿ ಕೇಳುತ್ತಿದ್ದೆ. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಆ ಹೊಟ್ಟೆಕಿಚ್ಚೂ ಹಿತವಾಗಿತ್ತು.

ಇನ್ನು ಸ್ವಲ್ಪ ದಿನ ಸಿಕ್ಕಿದ್ದರೆ ಅವಳು ದಡ ಮುಟ್ಟುತ್ತಿದ್ದಳು. ನೆಟ್ಟಾಳ ಹಲ್ಲು ಪಿರೀಯ ಚೀಲಕ್ಕೆ ಹೋಯಿತು, ಎಲ್ಲ ಗುಳಿಗೆಯೂ ನೀರಾಯಿತು. ನೀರನ್ನು ಕೆನ್ನೆಯಲ್ಲಿ ಇಟ್ಟುಕೊಂಡು ಥ್ಯಾಂಕ್ಯೂ ಪಿರೀ ಸಾರ್ ಅನ್ನಲಾಗುವುದಿಲ್ಲ. ನೆಟ್ಟಾ ಪ್ರಯತ್ನಪಟ್ಟಳು. ಅರ್ಧ ಗಂಟಲಿಗಿಳಿದು ಕೆಮ್ಮು ಹತ್ತಿತು, ಮಿಕ್ಕಿದ್ದು ಮೂಗಿನಿಂದ ಬಂತು. ಸಾಲೆಲ್ಲ ನೋಡುತ್ತಿದ್ದಂತೆ ಪಿರೀ ಅವಳ ಕೈಗೆ ನೆಲ ಒರೆಸುವ ಬಟ್ಟೆ ಕೊಟ್ಟ.

ಮಾರ್ವೆನ್ ಮೊದಲು ಬೆವೆತಳು. ಆಮೇಲೆ ಬೆಳಕು ಬೇಡವೆಂದಳು. ಶುಕ್ರವಾರ ಗೋಡೆಯ ಮೇಲೆ ಇರುವೆ ಸಾಲು ಹತ್ತುತ್ತಿದೆ ಅಂದಳು. ಅಲ್ಲಿ ಇರುವೆ ಇರಲಿಲ್ಲ.

"ಹೇಳ್ಬಿಡೋಣ ಕಣೇ" ಅಂದೆ. "ಜೀವಕ್ಕಿಂತ ಹೆಚ್ಚಾ?"

"ನೀನು ಹೇಳಿದ್ಯಲ್ಲ ಸೆಂಗಾ. ಏನ್ ಸಿಕ್ತು?"

ನಾನು ಅವಳ ಹಣೆಯ ಬೆವರು ಒರೆಸಿದೆ.

"ಹೇಳಿದ್ರೆ ಎಫೀ ಹೋಗ್ತಾಳೆ. ಅಮ್ಮಂಗೆ ಗೊತ್ತಿದ್ದೂ ಮುಚ್ಚಿಟ್ಲು ಅಂತಾರೆ, ಅಮ್ಮನ ಕೈಯಿಂದ್ಲೂ ಕಿತ್ಕೋತಾರೆ. ಇದು ಇವತ್ತು ನಾಳೆ ಹೋಗ್ಬಿಡುತ್ತೆ. ಆಣೆ ಮಾಡು ಹೇಳಲ್ಲ ಅಂತ."

ಮಾಡಿದೆ. ಆದರೂ ಶನಿವಾರ ಬೆಳಿಗ್ಗೆ ಕಿಂಡಿಯ ಮುಂದೆ ನಿಂತು ಲಾಮಂಟ್ ಹತ್ತಿರ ಬೇಡಿಕೊಂಡೆ, ಕೈಮುಗಿಯುವುದೊಂದು ಬಾಕಿ.

"ಮಿಸ್, ಮಾರ್ವೆನ್‌ನ ಒಂದ್ಸಲ ಬಂದು ನೋಡಿ. ನೋಡಿ ಏನಾದ್ರೂ ಕೊಡಿ. ಬರ್ಕೋಬೇಡಿ."

ಅವಳು ನನ್ನ ಮುಖ ನೋಡಿದಳು. ಅವಳಿಗೆ ಅರ್ಥವಾಯಿತು, ಅದನ್ನು ನಾನು ಕಣ್ಣಾರೆ ಕಂಡೆ.

"ಬರೀದೆ ಕೊಡೋಕೆ ಬರಲ್ಲ ಸೆಂಗಾ. ನನ್ ಕೆಲ್ಸ ಹೋಗುತ್ತೆ. ಅವಳೇ ಬಾಯ್ಬಿಟ್ಟು ಹೇಳ್ಲಿ, ಈಗ್ಲೇ ಕೊಡ್ತೀನಿ."

ಬಂದಳು, ಅದು ಹೌದು. ಸೆಲ್ಲಿನ ಬಾಗಿಲಲ್ಲಿ ನಿಂತಳು, ಪಕ್ಕದಲ್ಲಿ ಪಿರೀ. ಮಾರ್ವೆನ್ ಕಂಬಳಿ ಹೊದ್ದು ಗೋಡೆಗೊರಗಿ ನನ್ನ ಪಕ್ಕ ಕೂತಿದ್ದಳು. ಕೂದಲು ಹಣೆಗಂಟಿತ್ತು.

"ಮಾರ್ವೆನ್, ಇನ್ನೊಂದ್ಸಲ ಕೇಳ್ತೀನಿ. ಏನಾದ್ರೂ ತಗೋತಿದ್ದೆಯಾ? ಹೌದು ಅನ್ನು ಸಾಕು."

ಕಂಬಳಿಯ ಕೆಳಗೆ ಅವಳ ಕೈ ನನ್ನ ಮಣಿಕಟ್ಟು ಹಿಡಿಯಿತು. ಉಗುರು ಇಳಿಯುವ ಹಾಗೆ ಹಿಡಿಯಿತು.

"ಇಲ್ಲ ಮಿಸ್. ಜ್ವರ ಅಷ್ಟೆ."

"ಕೇಳಿಸ್ತಲ್ಲ? ನಾಟ್ಕ ಆಡ್ತವೆ ಮುಂಡೇವು, ಶನಿವಾರ ಬಂದ್ರೆ ಸಾಕು" ಅಂದ ಪಿರೀ. ಲಾಮಂಟ್ ಜ್ವರದ ಮಾತ್ರೆ ಎರಡು ಇಟ್ಟು ಹೋದಳು. ಹೋಗುವಾಗ ಒಂದು ಸಲ ತಿರುಗಿ ನೋಡಿದಳು. ನೋಡಿದ್ದಷ್ಟೇ.

ಶನಿವಾರ ಮಧ್ಯಾಹ್ನವೇ ಬೀಗ ಹಾಕುತ್ತಾರೆ. ಆಫೀಸಿನಲ್ಲಿ ರೇಡಿಯೋ ಹಚ್ಚಿ ಫುಟ್‌ಬಾಲ್ ಕೇಳುತ್ತಾರೆ. ಮಾರ್ವೆನ್‌ಗೆ ಮೊದಲ ಫಿಟ್ಸು ಬಂದಾಗ ನಾನು ಸೆಲ್ಲಿನ ಕರೆಗಂಟೆ ಒತ್ತಿದೆ. ಫಿಟ್ಸು ನನಗೆ ಹೊಸದಲ್ಲ. ಅವಳನ್ನು ಮಗ್ಗುಲಿಗೆ ಹೊರಳಿಸಿದೆ, ತಲೆಗೆ ನನ್ನ ಸ್ವೆಟರು ಕೊಟ್ಟೆ. ಬಿಟ್ಟಿತು. ಮತ್ತೆ ಬಂತು. ನಾನು ಬಾಗಿಲು ಒದ್ದೆ, ಕೂಗಿದೆ, ಪಕ್ಕದ ಸೆಲ್ಲಿನವರು ಒದ್ದರು, ಇಡೀ ಸಾಲು ಒದೆಯಿತು. ಅತ್ತ ರೇಡಿಯೋದಲ್ಲಿ ಯಾರೋ ಗೋಲು ಹೊಡೆದು ಜನ ಹೋ ಎಂದರು. ಪಿರೀಯ ದನಿ ಅದರ ನಡುವೆ ಕೇಳಿಸಿತು: "ಮುಚ್ರೇ ಬಾಯಿ, ಬೋಸುಡೀರಾ!"

ಮೂರನೆಯದು ಬಿಡಲಿಲ್ಲ. ಅವಳ ತಲೆ ನನ್ನ ತೊಡೆಯ ಮೇಲಿತ್ತು. ಅವಳ ಕೈ ಗಾಳಿಯಲ್ಲಿ ಏನನ್ನೋ ತಡಕುತ್ತಿತ್ತು. ಬಾಗಿ ನನ್ನ ಕಿವಿ ಕೊಟ್ಟೆ. ಹಿಡಿದುಕೊಂಡಳು. ಆಮೇಲೆ ಬೆರಳು ಸಡಿಲವಾಯಿತು.

ಬಾಗಿಲು ತೆರೆದಾಗ ಪಿರೀ ಕೇಳಿದ ಮೊದಲ ಮಾತು, "ಏನ್ ತಗೊಂಡ್ಲು?"

ಹಣೆ ಚಚ್ಚಿಕೊಂಡು ಅತ್ತೆ. ಅವನ ಮುಂದೆ ಅಳಬಾರದು ಅಂತ ಎಷ್ಟೋ ವರ್ಷದಿಂದ ಹಿಡಿದಿಟ್ಟದ್ದೆಲ್ಲ ಬಂತು.

ಹೆಣ ಮಣ್ಣಾದ ಮೇಲೆ ಮಾರ್ವೆನ್‌ನ ತಾಯಿ ಮೋಯ್ರಾ ನನ್ನ ಭೇಟಿಗೆ ಬಂದಳು. ಉಬ್ಬಸದ ಹೆಂಗಸು, ಮೆಟ್ಟಿಲು ಹತ್ತಿದ್ದಕ್ಕೇ ಉಸಿರು ಸಿಗುತ್ತಿರಲಿಲ್ಲ. ಮಗುವನ್ನು ತಂದಿರಲಿಲ್ಲ.

"ನನ್ ಮಗಳ ಕೊನೇಗಾಲಕ್ಕೆ ನೀನಿದ್ದೆ ಅಂದ್ರು."

"ಇದ್ದೆ ಕಣಮ್ಮ."

"ಪಂಚಾಯ್ತಿ ಕೂರ್ತದೆ. ಜೈಲಿನವ್ರ ವಿಚಾರಣೆ ಮುಗೀಲಿ ಅಂತ ಕಾಯ್ತವ್ರೆ. ಅವ್ಳು ತಗೋತಿದ್ಲು ಅಂತ ಬಂದ್ರೆ, ಅಂಥ ಮನೇಲಿ ಮಗು ಬಿಡಕ್ಕಾಗಲ್ಲ ಅಂತಾರೆ. ಅಜ್ಜಿ ಮುಚ್ಚಿಟ್ಲು ಅಂತಾರೆ." ಅವಳು ಮೇಜಿನ ಆಚೆಯಿಂದ ನನ್ನ ಕೈ ಹಿಡಿದಳು. "ಅವ್ಳು ಏನೂ ತಗೋತಿರ್ಲಿಲ್ಲ. ಅಲ್ವಾ ತಾಯಿ?"

ಇಬ್ಬರಿಗೂ ಗೊತ್ತಿತ್ತು.

"ಏನೂ ತಗೋತಿರ್ಲಿಲ್ಲ" ಅಂದೆ.

ವಿಚಾರಣೆಗೆ ಹೊರಗಿನಿಂದ ಒಬ್ಬ ದೊಡ್ಡ ಅಧಿಕಾರಿ ಬಂದ. ನನ್ನನ್ನು ಕರೆಯುವ ಮುಂಚೆ ನೆಟ್ಟಾ ಅಂಗಳದಲ್ಲಿ ಸಿಕ್ಕಳು. ಹಲ್ಲು ಇನ್ನೂ ವಾಪಸು ಕೊಟ್ಟಿರಲಿಲ್ಲ.

"ಗುಳಿಗೆ ನಂದು ಅಂತ ನಾನ್ ಹೇಳ್ತೀನಿ ಕಣೇ. ನಂಗ್ ಹೊರಗ್ ಯಾರವ್ರೆ? ನಿಂದು ವಸಂತಕ್ಕೆ ಬಿಡುಗಡೆ."

"ನಿಂಗೇ ಅಂತ ಇಟ್ಕೊಂಡಿದ್ದೆ ಅಂತ ನೀನಾಗ್ಲೇ ಹೇಳಿಬಿಟ್ಟಿದೀಯ. ಈಗ ತಿರುಗ್ಸಿದ್ರೆ ನಂಬಲ್ಲ. ಸುಮ್ನಿರು."

ಅಧಿಕಾರಿ ನನ್ನನ್ನು ಕೂರಿಸಿದ. ನೀರು ಕೊಟ್ಟ. ಪಿರೀ ಬಾಗಿಲಲ್ಲಿ, ಲಾಮಂಟ್ ಕಿಟಕಿಯ ಹತ್ತಿರ. ಅವಳ ಕಣ್ಣು ಊದಿಕೊಂಡಿತ್ತು.

"ನೋಡಮ್ಮ, ಇಲ್ಲಿ ಯಾರ ತಪ್ಪೂ ಹುಡುಕ್ತಿಲ್ಲ" ಅಂದ ಅಧಿಕಾರಿ. "ಮಾರ್ವೆನ್ ಅವರನ್ನ ನರ್ಸು ಎರಡು ಸಲ ಕೇಳಿದ್ದಾರೆ. ಎರಡು ಸಲವೂ ಅವರು ಇಲ್ಲ ಅಂದಿದ್ದಾರೆ. ಆದ್ರೆ ರಕ್ತದಲ್ಲಿ ಗುಳಿಗೆ ಅಂಶ ಸಿಕ್ಕಿದೆ. ಅಂದ್ರೆ ಚಟ ಇತ್ತು, ಮುಚ್ಚಿಟ್ಟರು. ಪಾಪ, ನಿಜ ಹೇಳಿದ್ದಿದ್ರೆ ನಾವು ಉಳಿಸಿಕೊಳ್ತಿದ್ವಿ. ನೀವು ಅಷ್ಟು ಒಪ್ಪಿಕೊಂಡ್ರೆ ಇವತ್ತೇ ಮುಗಿಯುತ್ತೆ."

ಮುಗಿಯುತ್ತಿತ್ತು. ನಡುಗುವ ಕೈ, ಉರಿಯುವ ಹೀಟರು, ಮೇಜಿನ ಮೇಲೆ ಚೆಲ್ಲಿದ ಚಹಾ, ಗಂಟೆ, ರೇಡಿಯೋ, ಎಲ್ಲ ನನ್ನ ನಾಲಗೆಯ ತುದಿಗೆ ಬಂದಿತ್ತು. ಒಂದೊಂದನ್ನೂ ಆ ಪಿರೀಯ ಮುಖಕ್ಕೆ ಉಗಿಯಬೇಕು ಅಂತಿತ್ತು. ಆದರೆ ಕೈ ಯಾಕೆ ನಡುಗುತ್ತಿತ್ತು ಅಂತ ಹೇಳದೆ ಅದರಲ್ಲಿ ಒಂದನ್ನೂ ಹೇಳಲಾಗುವುದಿಲ್ಲ. ನುಂಗಿಕೊಂಡೆ.

"ಅವ್ಳಿಗೆ ಚಟ ಇರ್ಲಿಲ್ಲ ಸಾರ್. ಆ ಗುಳಿಗೆ ನಂದು. ನಾನ್ ಕೊಟ್ಟೆ."

ಪಿರೀ ತಲೆಯೆತ್ತಿದ.

"ಹಲ್ಲುನೋವು ಅಂತ ಒದ್ದಾಡ್ತಿದ್ಲು. ಹಲ್ಲುನೋವಿನ ಗುಳಿಗೆ ಅಂತ ಹೇಳಿ ಕೊಟ್ಟೆ. ದಿನಾ ಕೊಟ್ಟೆ. ಅದು ಏನು ಅಂತ ಅವ್ಳಿಗೆ ಗೊತ್ತಿರ್ಲಿಲ್ಲ."

"ಸೆಂಗಾ..." ಅಂದಳು ಲಾಮಂಟ್. ನಾನು ಅವಳ ಕಡೆ ನೋಡಿದೆ. ಅವಳು ಕಿಟಕಿಯ ಕಡೆ ತಿರುಗಿಕೊಂಡಳು.

ಅಧಿಕಾರಿ ಪೆನ್ನು ಕೆಳಗಿಟ್ಟು ಮತ್ತೆ ತೆಗೆದುಕೊಂಡ. "ಹೀಗೆ ಹೇಳಿದ್ರೆ ಏನಾಗುತ್ತೆ ಗೊತ್ತಾ ನಿಮಗೆ? ಪೊಲೀಸರು ಬರ್ತಾರೆ. ಬಿಡುಗಡೆ ಮರೆತುಬಿಡಬೇಕು. ಆ ಹುಡುಗಿ ಸಾವಿಗೆ ನೀವೇ ಕಾರಣ ಅಂತ ಒಪ್ಪಿಕೊಂಡ ಹಾಗೆ."

ಪಿರೀಯ ಮುಖದಲ್ಲಿ ಸಣ್ಣ ನಗು ಬಂದಿತ್ತು. ಮೈಯಿಂದ ಭಾರ ಇಳಿದವನ ಹಾಗೆ ಗೋಡೆಗೆ ಒರಗಿದ.

"ಬರ್ಕೊಳ್ಳಿ ಸಾರ್" ಅಂದೆ. "ನರ್ಸಮ್ಮ ಕೇಳಿದಾಗ ಮಾರ್ವೆನ್ ಇಲ್ಲ ಅಂದ್ಲಲ್ಲ, ಅದು ನಿಜ ಅಂತ ಬರ್ಕೊಳ್ಳಿ. ಎರಡು ಸಲವೂ ನಿಜ ಅಂತ. ಮಿಕ್ಕಿದ್ದನ್ನ ನಿಮಗೆ ಹೆಂಗ್ ಬೇಕೋ ಹಂಗೆ ಬರ್ಕೊಳ್ಳಿ."